ಅರ್ಧ ಒರೆಸಿದ ಬೋರ್ಡು

ಹತ್ತಕ್ಕೆ ದೇಚಮ್ಮ ಮೇಡಂ, ಅರ್ಥಶಾಸ್ತ್ರ.
ಹನ್ನೊಂದಕ್ಕೆ ಸಂಗನಬಸಪ್ಪ ಸರ್, ರಾಜ್ಯಶಾಸ್ತ್ರ;
ಬಿಸಿಲ ನಾಡಿನಿಂದ ಬಂದವರು,
ಜೂನಿನಿಂದ ಜನವರಿಯ ತನಕ ಒಂದೇ ಸ್ವೆಟರು.
ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ
ಡಸ್ಟರು ಸಿಗುವುದಿಲ್ಲ. ಅಂಗೈಯಲ್ಲಿ ಒರೆಸಿದರೆ
ಬೋರ್ಡಿನ ಅರ್ಧ ಹಾಗೇ ಉಳಿಯುತ್ತದೆ.
ಮೇಡಂ ಎಳೆದ ಬೇಡಿಕೆಯ ಗೆರೆ
ಎಡದಿಂದ ಬಲಕ್ಕೆ ಜಾರುತ್ತ ಬಂದು
ಸರ್ ಬರೆದ ‘ಸಾರ್ವಭೌಮ’ದ
ನಡುವಿನ ಭೌ ಅನ್ನು ಇರಿಯುತ್ತದೆ.

ನಾನು ಎರಡನ್ನೂ ಹಾಗೆಯೇ ನೋಟ್ಸಿಗೆ ಇಳಿಸಿಕೊಂಡೆ.
ಚಿಕ್ಕ ಅಳುವಾರದ ಗುಡ್ಡದ ಮೇಲೆ
ಗಾಳಿ ಕಿಟಕಿ ಬಡಿಯುತ್ತಿತ್ತು.

ಸಿದ್ದಾಪುರದಿಂದ ಆರೂವರೆಯ ಬಸ್ಸು.
ನೆಲ್ಯಹುದಿಕೇರಿ ದಾಟಿದ ಮೇಲೆ ಆನೆ ಅಡ್ಡ ನಿಂತರೆ
ಡ್ರೈವರ್ ಇಂಜಿನ್ ಆರಿಸುತ್ತಾನೆ, ಯಾರೂ ಉಸಿರೆತ್ತುವುದಿಲ್ಲ.
ನಿವೃತ್ತ ಸುಬೇದಾರರು, ಮೇಸ್ತ್ರಿ,
ಮೀನಿನ ಬುಟ್ಟಿಯ ಹಂಸಾಕ,
ಎಲ್ಲರಿಗೂ ಒಂದೇ ಅಳತೆಯ ಹೆದರಿಕೆ.
ಸಮಾನತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ
ನನ್ನ ಪುಸ್ತಕದಲ್ಲಿಲ್ಲ.
ಆನೆ ಹೋಗುತ್ತದೆ.
ಕಂಡಕ್ಟರ್ ಚಿಲ್ಲರೆ ಕೇಳಲು ಶುರುಮಾಡುತ್ತಾನೆ.

ನಾನು ತೋಟದ ರೈಟರ್ ಮಗಳು. ಅಪ್ಪನ ಚೆಕ್‌ರೋಲಿನಲ್ಲಿ
ಹೆಸರಿನ ಮುಂದೆ ಒಂದು, ಅರ್ಧ, ಸೊನ್ನೆ.
ಚಿಕ್ಕವಳಿದ್ದಾಗ ಶನಿವಾರ ಸಂಜೆ ಕೂಡಿಸಿಕೊಡುತ್ತಿದ್ದೆ,
ತಪ್ಪಿಲ್ಲದಿದ್ದರೆ ಒಂದು ಕಿತ್ತಳೆ ಪೆಪ್ಪರಮೆಂಟು.
ಅರ್ಧ ಎಂದರೆ ಮಧ್ಯಾಹ್ನದ ಮಳೆ,
ಸೊನ್ನೆ ಎಂದರೆ ಮಗುವಿಗೆ ಜ್ವರ
ಎಂದು ತಿಳಿಯಲು ಎಂ.ಎ. ತನಕ ಬರಬೇಕಾಯಿತು.
ತಿಳಿಸಿದ್ದು ಪುಸ್ತಕವಲ್ಲ, ತೋಲ.
ಪಕ್ಕದ ಬೆಂಚು; ನಮ್ಮದೇ ತೋಟದ ಲೈನ್ ಮನೆ.
ಅವನ ಅವ್ವ ನನ್ನ ಅಂದಿನ ಲೆಕ್ಕದಲ್ಲಿ
ಹನ್ನೊಂದನೆಯ ಸಾಲು.

ಲೈನ್ ಮನೆಗೆ ಡೋರ್ ನಂಬರಿಲ್ಲ.
ನಂಬರಿಲ್ಲದ್ದಕ್ಕೆ ರೇಷನ್ ಕಾರ್ಡಿಲ್ಲ,
ಕಾರ್ಡಿಲ್ಲದ್ದಕ್ಕೆ ಪಟ್ಟಿಯಲ್ಲಿ ಹೆಸರಿಲ್ಲ,
ಹೆಸರಿಲ್ಲದವರ ಮನೆಗೆ ನಂಬರು ಕೊಡಿಸಲು
ಯಾವ ಮೆಂಬರೂ ಬರುವುದಿಲ್ಲ.
ಸ್ಕಾಲರ್‌ಶಿಪ್ ಫಾರಂನ ವಿಳಾಸದ ಜಾಗದಲ್ಲಿ
ತೋಲ ಬರೆಯುತ್ತಾನೆ: ಕೇರಾಫ್.
ಆಮೇಲೆ ಮಾಲೀಕರ ಹೆಸರು, ದುಂಡಗೆ.
“ಪೈಸಾರಿ ಅನ್ನೋದರೊಳಗೆ ಪೈಸೆ ಇದೆ ನೋಡು,” ಅಂದ ಒಮ್ಮೆ,
“ಅಲ್ಲಿ ಗುಡಿಸಲು ಹಾಕಿದರೆ ಮಾತ್ರ ಕಾಣಿಸೋದಿಲ್ಲ.”

ಸೆಮಿನಾರಿನ ದಿನ ಇಬ್ಬರು ಮೇಷ್ಟ್ರಿಗೂ ಜಗಳ.
ಆರ್ಥಿಕತೆಯೇ ಮರ, ಎಂದರು ಮೇಡಂ,
ರಾಜಕೀಯ ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ.
ಮರ ಕಡಿಯಲು ಪರ್ಮಿಟ್ ಕೊಡುವವರು ಯಾರು,
ಎಂದರು ಸರ್, ಸ್ವೆಟರಿನ ತೋಳು ಮಡಚುತ್ತ,
ಅಲ್ಲಿಂದ ಶುರುಮಾಡಿ.
ಮರ, ಬಳ್ಳಿ. ಬಳ್ಳಿ, ಮರ.
ಊಟದ ಬೆಲ್ ಹೊಡೆಯಿತು, ಯಾರೂ ಏಳಲಿಲ್ಲ.
ತೋಲ ಎದ್ದ.
“ಏಣಿ ಯಾವ ಪೇಪರಿಗೆ ಬರುತ್ತದೆ, ಸರ್?
ಒಂಟಿ ಬಿದಿರಿನದ್ದು.”
ಕ್ಲಾಸು ನಕ್ಕಿತು.
ಅವನ ಅಪ್ಪ ಹೋದ ಫೆಬ್ರವರಿಯಲ್ಲಿ,
ಮೆಣಸು ಕೊಯ್ಯುವಾಗ—
ಗೊತ್ತಿದ್ದದ್ದು ನನಗೊಬ್ಬಳಿಗೆ.
ನಗದೆ ಉಳಿದವರು ಮೇಡಂ.
ಅವರು ಚಾಕ್ ಕೆಳಗಿಟ್ಟರು.

ಆ ರಾತ್ರಿ ಅಪ್ಪನ ಫೆಬ್ರವರಿಯ ಹಾಳೆ ತೆಗೆದೆ.
ಒಂಬತ್ತನೆಯ ಸಾಲು: ಒಂದು, ಒಂದು, ಅರ್ಧ,
ಆಮೇಲೆ ಸೊನ್ನೆಗಳು, ತಿಂಗಳ ಕೊನೆಯ ತನಕ, ಅಂದವಾದ ಅಕ್ಷರದಲ್ಲಿ.
ಸ್ಕೇಲು ಒತ್ತಿ ಹಿಡಿದು ಈ ತಿಂಗಳ ಹಾಳೆಯಲ್ಲಿ
ಒಂದು ಹೊಸ ಕಾಲಂ ಎಳೆದೆ.
ಮೇಲೆ ಬರೆದೆ: ಕಾರಣ.

ಬೆಳಿಗ್ಗೆ ಅಪ್ಪ ಬಯ್ಯಲಿಲ್ಲ. ಕನ್ನಡಕ ಒರೆಸಿಕೊಂಡು,
“ಸಾಹುಕಾರರು ಕೇಳಿದರೆ ಏನು ಹೇಳಲಿ” ಎಂದಷ್ಟೇ.
ಹಾಳೆ ಹರಿದು ಒಲೆಗೆ ಹಾಕಿ
ಅಡಿಯ ಹಾಳೆಯಲ್ಲಿ ಮೊದಲಿನಿಂದ ಹೆಸರು ಬರೆಯಲು ಕುಳಿತರು.

ಶಾಯಿಯಿಲ್ಲದ ಗೆರೆಯೊಂದು ಅಲ್ಲೂ ಇಳಿದಿತ್ತು.
ಪ್ರತಿ ಸಾಲಿನ ಕೊನೆಗೆ
ಪೆನ್ನಿನ ಮೊನೆ ಒಂದಿಷ್ಟು ತಡವರಿಸುವುದು
ಅಡುಗೆಮನೆಯ ಬಾಗಿಲಿಂದ
ನನಗೆ ಕೇಳಿಸುತ್ತಿತ್ತು.