ಅಲುಗು, ಅಲಗು

ಬೆಳೆಯೋ ಮಗು, ಒಂದು ಬೆರಳು ದೊಡ್ಡದೇ ಇರಲಿ.
ನವಲಗುಂದದ ಬೂಟಿನಂಗಡಿಯಲ್ಲಿ ಅವ್ವ ಆಡುತ್ತಿದ್ದ ಮಾತು
ಶೆಫೀಲ್ಡಿನಲ್ಲಿ, ಈ ಸ್ಕೇಟಿನಂಗಡಿಯಲ್ಲಿ,
ನನ್ನ ಬಾಯಿಂದ ಬಂದೇಬಿಟ್ಟಿತು.

ಗಾರ್ಸೈಡ್ ಮುದುಕ ತಲೆ ಎತ್ತಲಿಲ್ಲ.
ಕಂದು ಕಾಗದದ ಮೇಲೆ ನೀಲಿಯ ಪಾದ ನಿಲ್ಲಿಸಿ
ಸುತ್ತ ಪೆನ್ಸಿಲ್ ಓಡಿಸುತ್ತಿದ್ದ,
ತಕರಾರಿನ ಹೊಲ ಅಳೆಯುವವನ ಹಾಗೆ.
ಹಿಮ್ಮಡಿ ಒಳಗೆ ಸರಿದಾಡಿದರೆ
ಕೆಳಗಿನ ಉಕ್ಕು ತನ್ನ ದಾರಿ ತಾನು ಹಿಡಿಯುತ್ತದೆ, ಎಂದ.
ಅವನು ಹೇಳಿದ್ದು ಇಂಗ್ಲಿಷಿನಲ್ಲಿ.
ನನಗೆ ಕೇಳಿಸಿದ್ದು:
ಕಾಲು ಅಲುಗಿದರೆ ಅಲಗೂ ಅಲುಗುತ್ತದೆ.

ಸೆಪ್ಟೆಂಬರಿನಲ್ಲಿ ರಿಂಕಿನ ಗೋಡೆ ಬಿಟ್ಟಿರಲಿಲ್ಲ ಇವಳು.
ದೀಪಾವಳಿ ಹೊತ್ತಿಗೆ ಹಿಂದಕ್ಕೆ ಜಾರುತ್ತಿದ್ದಳು,
ಬೆನ್ನಿಗೆ ಕಣ್ಣಿದ್ದವಳ ಹಾಗೆ.
ಜನವರಿಯಲ್ಲಿ ಒಂದು ಜಿಗಿತ, ಗಾಳಿಯಲ್ಲಿ ಪೂರ್ತಿ ಒಂದು ಸುತ್ತು,
ಇಳಿದದ್ದು ಒಂದೇ ಕಾಲಲ್ಲಿ.
ಈಸ್ಟರಿಗೆ ಒಂದೂವರೆ ಸುತ್ತು, ಅಂದಳು ಕೋಚ್ ಮಾರ್ವೆನಾ,
ಬೂಟು ಬದಲಿಸಿ, ಬೇಗ.
ಮಕ್ಕಳು ಇಷ್ಟು ಬೇಗ ಕಲಿಯಬಾರದು
ಎಂದು ಯಾವ ತಾಯಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಮೇಜಿನ ಮೇಲೆ ಮೂರು ಜೊತೆ.

ಒಂದು, ಹೊಸದು, ಮರದಷ್ಟು ಬಿರುಸು.
ದೊಡ್ಡವರು ಎತ್ತರದಿಂದ ಬೀಳುವುದಕ್ಕೆ ಹೊಲಿದದ್ದು.
ಇಪ್ಪತ್ತೆರಡು ಕಿಲೋ ಮಗು ಮಂಡಿ ಬಗ್ಗಿಸಿದರೆ
ಬೂಟು ಬಗ್ಗಲಿಲ್ಲ.
ಬೂಟೇ ಇವಳನ್ನು ಹಾಕಿಕೊಂಡ ಹಾಗಿತ್ತು.

ಇನ್ನೊಂದು ಹಳೇದು, ಅರ್ಧ ಬೆಲೆ.
ನಾಲಿಗೆಯ ಹಿಂದೆ ಶಾಯಿಯಲ್ಲಿ ಎರಡು ಹೆಸರು,
ಇಮೊಜೆನ್ ಹೊಡೆದುಹಾಕಿ ಟಾನ್ಸಿ.
ಕಣಕಾಲಿನ ಬಳಿ ಆಳದ ನೆರಿಗೆ,
ಬೇರೆ ಯಾರೋ ಬಗ್ಗಿದ ಜಾಗ.

ಮೂರನೆಯದು ನಡುವಿನದು.
ಟ್ರಾಮಿನಲ್ಲಿ ನಾನು ಟಿಕೆಟ್ ಹರಿಯುವ
ಒಂಬತ್ತು ಪಾಳಿ.

ನಾನು ಟಾನ್ಸಿಯ ಕಡೆಗೇ ಕೈ ಚಾಚಿದ್ದೆ.
ಮುದುಕ, ಕಾಲುಚೀಲ ತೆಗಿ ಮಗು, ಎಂದ.

ಹೆಬ್ಬೆರಳಿನ ಉಗುರು ಕಪ್ಪು.
ಉಳಿದ ನಾಲ್ಕರ ಗೆಣ್ಣು ಕೆಂಪು, ಕೆಂಪಿನ ಮೇಲೆ ಜಡ್ಡು.
ಯಾವಾಗಿಂದ?
ಕ್ರಿಸ್‌ಮಸ್ಸಿಂದ.
ಕಚ್ಚುತ್ತೆ ಅಂತ ಯಾಕೆ ಹೇಳಲಿಲ್ಲ ನೀಲಿ?
ಅವಳು ಗೋಡೆಗೆ ತೂಗುಹಾಕಿದ ಅಲಗುಗಳನ್ನು ಎಣಿಸುತ್ತಿದ್ದಳು.
ಬೆರಳು ಮಡಚಿಕೊಂಡ್ರೆ ಕಚ್ಚಲ್ಲ.
ಆಮೇಲೆ, ಎಣಿಕೆ ತಪ್ಪದ ಹಾಗೆ:
ನೀನು ಗ್ಯಾಸಿನ ಬಿಲ್ಲು ಎರಡು ಸಲ ಓದಿದೆಯಲ್ಲಮ್ಮ,
ಅವತ್ತಿಂದ.

ಜನವರಿಯ ಆ ಜಿಗಿತಕ್ಕೆ ನಾನು ಚಪ್ಪಾಳೆ ತಟ್ಟಿದ್ದೆ.
ಪಕ್ಕದವರಿಗೆ, ನನ್ನ ಮಗಳು, ಎಂದು ಹೇಳಿದ್ದೆ.
ದೊಡ್ಡ ಬೂಟಿಗೆ ಹಳೇ ಪೇಪರು ತುರುಕಿ
ಐದನೇ ಇಯತ್ತೆ ಮುಗಿಸಿದವಳು ನಾನು.
ಇವಳು ಚಿಕ್ಕ ಬೂಟಿಗೆ ತನ್ನನ್ನೇ ಮಡಚಿ ಇಟ್ಟಿದ್ದಳು.

ನಡುವಿನದು ಕೊಡಿ, ಎಂದೆ.
ಈಸ್ಟರಿನ ಕಾಲಿಗಲ್ಲ, ಇವತ್ತು ಬಂದ ಕಾಲಿಗೆ,
ಅಂದ ಮುದುಕ, ನನ್ನನ್ನು ತಿದ್ದುವವನ ಹಾಗಲ್ಲದೆ.
ಬೆರಳ ತುದಿ ಮುಂದೆ ಬರೀ ಸವರಬೇಕು,
ಹಿಮ್ಮಡಿ ಬೆಣ್ಣೆಯಲ್ಲಿ ಹೂತ ಹಾಗೆ ಕೂರಬೇಕು.
ಆರು ತಿಂಗಳು. ಹೆಚ್ಚೆಂದರೆ ಎಂಟು.

ಹಿಂದಿನ ಕೋಣೆಯಲ್ಲಿ ಸಾಣೆ ತಿರುಗಿತು.
ಚಾಕು ಚೂರಿಗಳ ಊರು ಇದು, ಕಿಡಿಗೆ ಯಾರೂ ಬೆಚ್ಚುವುದಿಲ್ಲ.
ಅಲಗಿನ ನಡುವೆ ಸಣ್ಣ ತಗ್ಗು ತೋಡಿದ,
ಎರಡೂ ಬದಿಗೆ ಒಂದೊಂದು ಅಂಚು.
ಅಡ್ಡಲಾಗಿ ಎರಡು ಪೆನ್ನಿಯ ನಾಣ್ಯ ಇಟ್ಟು
ಕಣ್ಣು ಕಿರಿದು ಮಾಡಿ ನೋಡಿದ.
ಓರೆಯಿಲ್ಲ.
ನೀಲಿ ತಾನೂ ನೋಡಬೇಕೆಂದಳು. ನೋಡಿದಳು.
ನನಗೂ ತೋರಿಸಿದರು. ನನಗೇನೂ ತಿಳಿಯಲಿಲ್ಲ.

ಈಗ ಪ್ರತಿ ಭಾನುವಾರ ಲೇಸು ಬಿಗಿಯುತ್ತ ಕೇಳುತ್ತೇನೆ,
ಕಚ್ಚುತ್ತಾ?
ಇಲ್ಲಮ್ಮ.
ಬೂಟಿನ ಮೂತಿ ಒತ್ತಿ ನೋಡುತ್ತೇನೆ.
ಗಟ್ಟಿ ಚರ್ಮ, ಒಳಗಿನದನ್ನು ಹೇಳುವುದಿಲ್ಲ.
ಆಮೇಲೆ ಅವಳು ಹೊರಟುಬಿಡುತ್ತಾಳೆ,
ಬಿಳಿಯ ಮೇಲೆ ಎರಡು ಗೀರು.

ಬಿಲ್ಲುಗಳನ್ನು ಈಗ ಟ್ರಾಮಿನಲ್ಲೇ ಓದುತ್ತೇನೆ,
ಅಟರ್‌ಕ್ಲಿಫ್ ದಾಟಿದ ಮೇಲೆ,
ನಿಂತುಕೊಂಡೇ,
ಒಂದೇ ಸಲ.