ಎರಡು ಬೆರಳಷ್ಟು

ಈ ವರ್ಷ ಹಿಮವೇನೋ ಚೆನ್ನಾಗಿ ಬಿದ್ದಿದೆ,
ಬಿದ್ದು ಕಲಿಯಬೇಕಾದವರು ಬರಲಿಲ್ಲ.
ಒಬ್ಬೊಬ್ಬರೇ ಫೋನು ಮಾಡಿದರು ಪ್ಯಾರಿಸಿನಿಂದ, ದುಬೈಯಿಂದ:
"ತನ್ನೂಸ್, ನಿಮ್ಮ ಲೆಬನಾನಿನಲ್ಲಿ ಪರಿಸ್ಥಿತಿ ಹೇಗೆ?"
ಒಂದಾಳುದ್ದ ಹಿಮ, ಎಂದೆ.
ಅವರು ಕೇಳಿದ್ದು ಅದನ್ನಲ್ಲವೆಂದು ನನಗೂ ಗೊತ್ತಿತ್ತು.
ನೂರಾ ಹನ್ನೆರಡು ಜೊತೆ ಬಾಡಿಗೆ ಬೂಟು
ಗೋಡೆಗೆ ಮುಖ ಮಾಡಿ ನಿಂತಿವೆ,
ತಪ್ಪು ಲೆಕ್ಕ ಮಾಡಿದ ಮಕ್ಕಳ ಹಾಗೆ.

ಶುಕ್ರವಾರ ಬಂದಳು ಇನ್‌ಆಮ್,
ದಕ್ಷಿಣದ ಗಡಿಯ ಕಡೆಯವಳು, ಆಸ್ಪತ್ರೆಯ ನರ್ಸು,
ಜೊತೆಗೆ ಏಳು ವರ್ಷದ ಜವಾದ್.
ಹಳೆಯ ಕಾರು, ಚಕ್ರಕ್ಕೆ ಸರಪಳಿಯಿಲ್ಲ,
ಕೊನೆಯ ತಿರುವಿನಿಂದ ಖಲ್ದೂನ್ ತಳ್ಳಿಕೊಂಡು ಬಂದ.
"ಇವನಿಗೆ ಹಿಮ ತೋರಿಸಬೇಕಿತ್ತು," ಎಂದಳು,
"ಈ ವಾರವೇ."
ಮುಂದಿನ ವಾರ ಏನೆಂದು ಕೇಳಲಿಲ್ಲ ನಾನು.
ಬೂಟಿನ ಅಳತೆ ಕೇಳಿದೆ. ಮೂವತ್ತೊಂದು.

ಆ ಕಡೆಯವರು ಬಂದರೆ ಈ ಬೆಟ್ಟದವರು ನಾವು
ಮೊದಲು ಹೆಸರು ಕೇಳುತ್ತೇವೆ, ಆಮೇಲೆ ಊರು,
ಆಮೇಲೆ ಕಾಫಿ ಕೊಡುವುದೋ ಬೇಡವೋ ಯೋಚಿಸುತ್ತೇವೆ.
ಸುಳ್ಳೇಕೆ, ನಾನೂ ಯೋಚಿಸಿದೆ.
ಅಷ್ಟರಲ್ಲಿ ಒಳಗೆ ನಝೀರಾ ಏಲಕ್ಕಿ ಕುಟ್ಟುತ್ತಿದ್ದಳು.

ರಾತ್ರಿ ಸೊನ್ನೆಗಿಂತ ಒಂಬತ್ತು ಕೆಳಗೆ.
ಡೀಸೆಲ್ಲಿಗೆ ಚಿನ್ನದ ಬೆಲೆ, ಒಲೆಗೆ ಹೊಯ್ಯುವಾಗ ಕೈ ನಡುಗುತ್ತದೆ.
ಪಡಸಾಲೆಯಲ್ಲಿ ಚಳಿ ಹರಿಯುತ್ತಿತ್ತು. ನೋಡಿದರೆ
ಅವಳ ಕೋಣೆಯ ಕಿಟಕಿ ಎರಡು ಬೆರಳಷ್ಟು ತೆರೆದಿದೆ.
ಮುಚ್ಚಿದೆ. ಊಟ ಮುಗಿಸಿ ಬಂದರೆ ಮತ್ತೆ ತೆರೆದಿದೆ.
"ಊರ ಬೀದಿಯನ್ನೆಲ್ಲ ನಾನು ಕಾಯಿಸಬೇಕೇನಮ್ಮಾ?" ರೇಗಿದೆ.
ಅವಳು ನಾಚಿದಳು. "ಅಭ್ಯಾಸ," ಎಂದಳು.
"ವಿಮಾನ ಆಕಾಶ ಸೀಳಿದಾಗ ಮುಚ್ಚಿದ ಗಾಜು ಒಡೆಯುತ್ತದೆ.
ತೆರೆದದ್ದು ಹೇಗೋ ಬದುಕಿಕೊಳ್ಳುತ್ತದೆ."
ನಮ್ಮಲ್ಲಿ ಗಾಜು ಒಡೆಯುವುದು ಮದುವೆಗೆ ಬಂದು ಕುಡಿದವರಿಂದ,
ಅಂದುಕೊಂಡೆ; ಅನ್ನಲಿಲ್ಲ.
ಇನ್ನೊಂದು ಕಂಬಳಿ ಕೊಟ್ಟು, ಕಿಟಕಿ ಮುಚ್ಚಿಯೇ ಬಂದೆ.

ಬೆಳಿಗ್ಗೆ ಇಬ್ಬರಿಗಾಗಿ ಲಿಫ್ಟಿನ ಮೋಟಾರು ಹಾಕಿದ ಖಲ್ದೂನ್.
ಎಂಬತ್ತು ಖಾಲಿ ಕುರ್ಚಿ ಅವರ ಹಿಂದೆ ಮುಂದೆ ತೂಗುತ್ತ
ಬೆಟ್ಟ ಹತ್ತಿದವು, ಜನವೇ ಇಲ್ಲದ ದಿಬ್ಬಣ.
ಮೇಲೆ ನಿಂತರೆ ಕಡಲು ಕಾಣುತ್ತದೆ, ಬೈರೂತಿನ ಹೊಗೆಯ ಆಚೆ.
ಜವಾದ್ ಬಿದ್ದ, ಎದ್ದ, ಬಿದ್ದಲ್ಲೇ ಹಿಮ ತಿಂದ,
"ಉಪ್ಪೇ ಇಲ್ಲ," ಎಂದು ದೂರಿದ.
ಮೊಣಕಾಲು ಮಡಿಸು, ಬೆಟ್ಟಕ್ಕೆ ಹೆದರಿ ಹಿಂದೆ ವಾಲಬೇಡ,
ನಾನು ಕಿರುಚುತ್ತಲೇ ಇದ್ದೆ.

ಆಗ ಬಂತು.
ಸದ್ದಿಗೂ ಮೊದಲು ಎದೆಗೆ ತಾಗಿತು ಒಂದು ಅಂಗೈ.
ಮೇಲೆ ಏನೂ ಇಲ್ಲ, ಹರಡುತ್ತಿರುವ ಒಂದು ಬಿಳಿ ಗೆರೆ.
ಮತ್ತೊಂದು.
ಪಡುವಣ ಇಳಿಜಾರಿನ ಅಂಚಿನಿಂದ ಚಾಪೆಯಷ್ಟು ಹಿಮ
ಕಳಚಿತು, ಜಾರಿತು, ಏನೋ ನೆನಪಾದಂತೆ ನಿಂತಿತು.
ನಾನು ಬೆಟ್ಟ ನೋಡುತ್ತಿದ್ದೆ. ಅವಳು ಆಕಾಶ.
ಇಬ್ಬರ ಕೈಯೂ ಹೋದದ್ದು ಅವನ ಉಣ್ಣೆಯ ಟೋಪಿಗೆ.
ಅವನು ಮಾತ್ರ ಎಣಿಸುತ್ತಿದ್ದ:
"ಎರಡೇ. ಇವತ್ತು ಎರಡೇ.
ಇನ್ನೊಂದು ಸಲ ಹೋಗೋಣವಾ?"

ಹೋದೆವು. ನಾಲ್ಕು ಸಲ.

ಕೆಳಗಿಳಿದರೆ ಅಂಗಡಿಯ ದೊಡ್ಡ ಗಾಜು,
ಅಪ್ಪ ಕತ್ತೆಯ ಮೇಲೆ ಹೊರಿಸಿ ತಂದದ್ದು,
ಮೂಲೆಯಿಂದ ಮೂಲೆಗೆ ಬಿರುಕು.
ಇನ್‌ಆಮ್ ನೋಡಿದಳು. ಏನೂ ಹೇಳದ ಅವಳ ದೊಡ್ಡತನಕ್ಕೆ
ನಾನು ಬಾಡಿಗೆಯಲ್ಲಿ ಅರ್ಧ ಬಿಟ್ಟೆ;
ಅವಳು ಪೂರ್ತಿ ಎಣಿಸಿಟ್ಟಳು.

ಜವಾದನಿಗೆ ಹಿಮ ಮನೆಗೆ ಬೇಕು. ಹಟ.
ನಝೀರಾ ಆಲಿವ್ ಉಪ್ಪಿನಕಾಯಿಯ ಜಾಡಿ ತೊಳೆದು
ತುಂಬಿಸಿ ಕೊಟ್ಟಳು. ಸೈದಾ ದಾಟುವ ಹೊತ್ತಿಗೆ ಅದು ನೀರು,
ಎಲ್ಲರಿಗೂ ಗೊತ್ತು, ಅವನಿಗೂ.
"ಜಾಡಿ ನನಗೆ ವಾಪಸು ಬೇಕು," ಎಂದಳು ಗಟ್ಟಿಯಾಗಿ,
ಸಾಲ ಕೊಟ್ಟವಳ ದನಿಯಲ್ಲಿ, "ಬರುವ ಚಳಿಗಾಲ, ಮರೆಯಬೇಡ."

ಕಾರು ಇಳಿಯಿತು. ರಾತ್ರಿ ಪಡಸಾಲೆಯಲ್ಲಿ ಚಳಿ.
ಎದ್ದು ನೋಡಲಿಲ್ಲ ನಾನು, ಯಾರನ್ನೂ ಕೇಳಲೂ ಇಲ್ಲ.
ಪುಸ್ತಕ ತೆಗೆದು ಬರೆದೆ:
ಬೂಟು, ಮೂವತ್ತೊಂದು, ಒಂದು ಜೊತೆ, ಬಂದಿದೆ.
ಜಾಡಿ ಒಂದು, ಮುಚ್ಚಳ ಸಹಿತ.
ಬರಬೇಕಿದೆ.