ತಂತಿ ಕಿತ್ತ ಮೇಲೆ

ಲಿಯೆಪಾಯದ ರಕ್ತನಿಧಿಯ ನೆಲಮಾಳಿಗೆ,
ಶನಿವಾರ, ರಾತ್ರಿ ಎರಡೂವರೆ.
ಹಳೆಯ ಸರ್ವರಿಗೆ ಹನ್ನೊಂದು ವರ್ಷ;
ಅದರ ಫ್ಯಾನು ಗೊರಕೆಯ ನಡುವೆ ಕೆಮ್ಮುತ್ತದೆ.

ಇನ್ನು ಇಂಥ ಕಬ್ಬಿಣ ಬೇಡವಂತೆ.
ಒಂದೇ ಪೆಟ್ಟಿಗೆಯೊಳಗೆ ಆರು ತೋರಿಕೆಯ ಯಂತ್ರ,
ಪ್ರತಿಯೊಂದಕ್ಕೂ ತಾನೇ ಮನೆಯೊಡೆಯನೆಂಬ ಭ್ರಮೆ.
ಯಾವ ಕಂಪನಿಯದು ಅನ್ನುವುದು ಸೋಮವಾರ ತೀರ್ಮಾನ.
ಮೇಲಧಿಕಾರಿ ಡೈನಿಸನಿಗೆ ಬಣ್ಣದ ನಕ್ಷೆಯದೇ ಇಷ್ಟ:
ವೇಗ ಜಾಸ್ತಿ, ಮೊದಲ ವರ್ಷ ಲೈಸೆನ್ಸು ಪುಕ್ಕಟೆ,
ಜೊತೆಗೊಂದು ಕೊಡೆ.

ಸ್ಕೈದ್ರೀತೆ ನಕ್ಷೆ ನೋಡಲಿಲ್ಲ.
ಎರಡಕ್ಕೂ ಒಂದೇ ಕೆಲಸ ಕೊಟ್ಟಳು:
ಒಂದು, ಎರಡು, ಮೂರು, ಬರೆಯುತ್ತಾ ಹೋಗು;
ಬರೆದಾದ ಮೇಲೆ ಮಾತ್ರ ‘ಬರೆದೆ’ ಅನ್ನು.
ಆಮೇಲೆ ಕನ್ನಡಕ ತಲೆಗೇರಿಸಿ, ಮಂಡಿಯೂರಿ,
ಗೋಡೆಯಿಂದ ಎರಡೂ ತಂತಿ ಕಿತ್ತಳು.

ಹಳೆಯದರ ಕೆಮ್ಮೊಂದು ಉಳಿಯಿತು,
ದೂರದಲ್ಲಿ ಬಂದರಿನ ಕ್ರೇನಿನ ಸರಪಳಿ.

ಮತ್ತೆ ಎಬ್ಬಿಸಿದರೆ
ವೇಗದ್ದು ಬರೆದೆನೆಂದದ್ದು ನಾಲ್ಕು ಸಾವಿರದ ನೂರ ಹದಿನೇಳು;
ಒಳಗಿದ್ದದ್ದು ನಾಲ್ಕು ಸಾವಿರದ ತೊಂಬತ್ತೆಂಟು.
ನಿಧಾನದ್ದು ಇನ್ನೂ ಅರ್ಧದಾರಿಯಲ್ಲಿತ್ತು,
ಆದರೆ ಹೇಳಿದ್ದಷ್ಟೂ ಇತ್ತು.

‘ಹತ್ತೊಂಬತ್ತು ತಾನೇ’ ಅಂದೆ ನಾನು, ನಿದ್ದೆಗಣ್ಣಲ್ಲಿ.
ಬಯ್ಯಲಿಲ್ಲ ಅವಳು.
ಪಕ್ಕದ ಕೋಣೆಯ ಶೀತಪೆಟ್ಟಿಗೆ ತೆರೆದು
ಓ ನೆಗೆಟಿವ್ ಚೀಲಗಳನ್ನು ಬೆರಳಿಟ್ಟು, ಗಟ್ಟಿಯಾಗಿ, ಎಣಿಸಿದಳು.
ಹದಿನಾಲ್ಕಕ್ಕೇ ಮುಗಿದವು.

ಜೀರಿಗೆ ಚೀಸು ಮುರಿದು ನನಗೊಂದು ಚೂರು ಕೊಟ್ಟು
ವರದಿಗೆ ಕೂತಳು. ಒಂದೇ ಸಾಲು:
‘ನಿಧಾನದ್ದೇ ಇರಲಿ, ಅದಕ್ಕೆ ಸುಳ್ಳು ಬರುವುದಿಲ್ಲ.’
ಸೇವ್ ಒತ್ತಿದಳು. ಮುಚ್ಚಿದಳು.
ಉಳಿದಿದೆಯೋ ಇಲ್ಲವೋ ಅಂತ
ಮತ್ತೊಮ್ಮೆ ತೆರೆದು ನೋಡಿದಳು.